ಕಲ್ಲಿನ ಮೇಲಿನ ಸಂಚಿ

ಅವರ ಹೆಸರನ್ನು ನಾನು ಒಂದೇ ಒಂದು ಸಲ ಬರೆದಿದ್ದೇನೆ. ಉರ್ದುವಿನಲ್ಲಿ ಬರೆದೆ, ನನ್ನ ಕೈಬರಹದಲ್ಲೇ ಅತಿ ಚೆಂದದ ಅಕ್ಷರಗಳಲ್ಲಿ ಬರೆದೆ. ಆ ಬರಹದಿಂದ ಅವರಿಗೆ ಆದದ್ದು ಸಾಕು, ಇಲ್ಲಿ ಮತ್ತೆ ಬರೆಯುವುದಿಲ್ಲ. ಸಿಂಧನೂರಿನ ಹತ್ತಿ ಗಿರಣಿಯಲ್ಲಿ ಎಲ್ಲರೂ ಅವರನ್ನು ಮುಕಾದಮರು ಎನ್ನುತ್ತಿದ್ದರು. ಕೆಲಸಗಾರರ ಮೇಲಿನ ಯಜಮಾನ ಎಂದು ಅದರ ಅರ್ಥ. ನಾನೂ ಹಾಗೇ ಕರೆಯುತ್ತೇನೆ.

ಅವರು ತೀರಿಹೋದ ಸುದ್ದಿಯನ್ನು ನನಗೆ ಹೇಳಿದವನು ಬಸ್ಸಿನ ಡ್ರೈವರ್. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಲಿಂಗಸುಗೂರಿನಿಂದ ಮಸ್ಕಿ ಮೇಲೆ ಹಾದು ಸಿಂಧನೂರಿಗೆ ಬರುವ ಬಸ್ಸು ಇದ್ದಲಿನ ಹೊಗೆಯಲ್ಲಿ ಓಡುತ್ತಿತ್ತು. ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅವನು ಗಿರಣಿಯ ಬಾಗಿಲಲ್ಲಿ ಮುಖದ ಮಸಿ ಒರೆಸಿಕೊಳ್ಳುತ್ತ, ಮಳೆ ಬೆಳೆಯ ಸುದ್ದಿ ಹೇಳುವವನ ಹಾಗೆ ಹೇಳಿದ: "ಮಸ್ಕಿ ಮುಕಾದಮ್ರು ಹೋದ್ರಂತ್ರಿ. ಮೊನ್ನಿ ಮಣ್ಣು ಕೊಟ್ಟಾರ." ನನ್ನ ಕೈ ತಾನಾಗಿ ಶೇರವಾನಿಯ ಎಡಗಡೆಯ ಜೇಬಿಗೆ ಹೋಯಿತು. ಆ ಜೇಬಿನಲ್ಲಿ ಏನೂ ಇರಲಿಲ್ಲ. ನಾಲ್ಕು ವರ್ಷದಿಂದ ಏನೂ ಇರಲಿಲ್ಲ, ಆದರೂ ಕೈ ದಿನಕ್ಕೆ ಹತ್ತು ಸಲ ಅಲ್ಲಿಗೆ ಹೋಗುತ್ತಿತ್ತು.

ಅವರು ಎತ್ತರದ ಆಳಲ್ಲ. ಗಿರಣಿಯ ಗೇಟಿನಲ್ಲಿ ಹತ್ತು ಜನ ನಿಂತರೆ ಅವರಲ್ಲಿ ಮುಕಾದಮ ಯಾರು ಎಂದು ಹೊಸಬರು ಗುರುತಿಸಲಾರರು. ತಲೆಗೆ ಹಳದಿ ರುಮಾಲು, ಹಣೆಗೆ ವಿಭೂತಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಹಿತ್ತಾಳೆಯ ಸೀಟಿ. ದನಿ ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದು. ಯಂತ್ರಗಳ ಗದ್ದಲದಲ್ಲಿ ನಾವೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದರೆ ಅವರು ಕೈಯಲ್ಲೇ ಮಾತಾಡುತ್ತಿದ್ದರು. ಒಂದು ಅಂಗೈ ತೋರಿಸಿದರೆ ತಾಳು ಎಂದು. ಎರಡೂ ಅಂಗೈ ಎತ್ತಿದರೆ ಎಲ್ಲ ಸರಿಯಾಗಿದೆ, ಶುರುಮಾಡಿರಿ ಎಂದು. ಯಾರನ್ನಾದರೂ ಬೈಯುವುದಿದ್ದರೆ ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋಗುತ್ತಿದ್ದರು. ಏನು ಬೈದರು ಎಂದು ಮೂರನೆಯವರಿಗೆ ಎಂದೂ ತಿಳಿಯುತ್ತಿರಲಿಲ್ಲ. ಹೊಗಳುವುದನ್ನು ಮಾತ್ರ ನಾಲ್ಕು ಜನರ ಮುಂದೆ ಮಾಡುತ್ತಿದ್ದರು.

ಇಂಜಿನ್ ನಡೆಸುವ ಹುಸೇನಸಾಬ ಒಂದು ಸಲ ಸೇಂದಿ ಕುಡಿದು ಕೆಲಸಕ್ಕೆ ಬಂದ. ಗಿರಣಿಯ ಒಡೆಯರಾದ ಸಾಹುಕಾರರಿಗೆ ಒಂದು ಮಾತು ಹೇಳಿದ್ದರೆ ಅವನ ಕಥೆ ಅಂದಿಗೇ ಮುಗಿಯುತ್ತಿತ್ತು. ಮುಕಾದಮರು ಅವನನ್ನು ತಮ್ಮ ಬುತ್ತಿಯ ಎದುರಿಗೆ ಕೂರಿಸಿ ರೊಟ್ಟಿ ತಿನ್ನಿಸಿ, ಅವತ್ತು ಇಂಜಿನ್ನನ್ನು ಚಾಲು ಮಾಡಲಿಕ್ಕೇ ಬಿಡಲಿಲ್ಲ. ಇಂಜಿನ್ನಿನ ಚರ್ಮದ ಪಟ್ಟಾ ಸವೆದಿದೆ, ದುರಸ್ತಿ ಮಾಡಬೇಕು ಎಂದು ಸಾಹುಕಾರರಿಗೆ ಹೇಳಿ ಬೈಸಿಕೊಂಡರು. ಆಮೇಲೆ ನಾಲ್ಕು ದಿನ ಬೆಳಿಗ್ಗೆ ಅವನ ಮನೆಗೆ ಹೋಗಿ ಜೊತೆಯಲ್ಲೇ ಕರೆದು ತಂದರು. ನಾನು ಆಗ ಇಪ್ಪತ್ತಮೂರು ವರ್ಷದ ಕಾರಕೂನ. ಲಿಂಗಸುಗೂರಿನಲ್ಲಿ ಉರ್ದು ಕಲಿತವನು, ತಹಸೀಲಿಗೆ ಅರ್ಜಿ ಬರೆಯಬಲ್ಲವನು, ಆದ್ದರಿಂದ ಲೋಕದಲ್ಲಿ ನನಗೆ ಗೊತ್ತಿಲ್ಲದ್ದು ಇಲ್ಲ ಎಂದು ತಿಳಿದವನು. ಕುಡುಕನನ್ನು ತೆಗೆದುಹಾಕದ ಮುಕಾದಮ ಎಂಥವನು ಎಂದು ಅವರನ್ನೇ ಕೇಳಿದೆ. ಅವರು ನಕ್ಕರು. "ತಗದ ಹಾಕೂದು ಒಂದು ಮಾತಿನ ಕೆಲಸ ತಮ್ಮಾ. ಅವನಂಗ ಇಂಜಿನ್ ಬಲ್ಲಾವ ಇನ್ನೊಬ್ಬ ಎಲ್ಲಿ ಅದಾನ, ಹೇಳು" ಎಂದರು. ಹುಸೇನಸಾಬ ಆಮೇಲೆ ಕುಡಿದು ಕೆಲಸಕ್ಕೆ ಬಂದದ್ದನ್ನು ನಾನು ಕಾಣೆ.

ಇನ್ನು ಆ ಕಲ್ಲಿನ ಮಾತು. ಅದನ್ನು ಹೇಳದೆ ಅವರನ್ನು ಹೇಳಲಾಗದು.

ಗಿರಣಿಯಲ್ಲಿ ಎರಡು ಸಾಲು ಯಂತ್ರಗಳಿದ್ದವು. ಹೆಣ್ಣುಮಕ್ಕಳು ಅವುಗಳ ಮುಂದೆ ನಿಂತು ಹತ್ತಿ ಉಣಿಸುತ್ತಿದ್ದರು, ಅರಳೆ ಒಂದು ಕಡೆ ಬರುತ್ತಿತ್ತು, ಬೀಜ ಕೆಳಗಿನ ಗುಂಡಿಗೆ ಬೀಳುತ್ತಿತ್ತು. ಗುಂಡಿ ಎಂದರೆ ಎರಡು ಸಾಲುಗಳ ನಡುವೆ ಉದ್ದಕ್ಕೂ ಹೋದ ಕಾಲುವೆಯಂಥ ಜಾಗ. ಅದರೊಳಗೆ ಕಬ್ಬಿಣದ ದೊಡ್ಡ ದಂಡವೊಂದು ತಿರುಗುತ್ತಿತ್ತು. ಪ್ರತಿ ಯಂತ್ರಕ್ಕೂ ಪಟ್ಟಾಗಳು ಆ ದಂಡದಿಂದಲೇ ಮೇಲೆ ಬರುತ್ತಿದ್ದವು. ಮಧ್ಯಾಹ್ನ ಊಟಕ್ಕೆ ಇಂಜಿನ್ ನಿಂತಾಗ ಇಬ್ಬರು ಹೆಣ್ಣುಮಕ್ಕಳು ಬಗ್ಗಿ ಗುಂಡಿಗೆ ಇಳಿದು ಬೀಜ ಬಳಿದು ಬುಟ್ಟಿಗೆ ತುಂಬಬೇಕು. ಒಳಗೆ ಕತ್ತಲೆ, ಧೂಳು, ಎಣ್ಣೆಯ ಜಿಡ್ಡು. ಮೇಲೆ ನಿಂತವರಿಗೆ ಒಳಗಿನವರು ಕಾಣುವುದಿಲ್ಲ. ಇಂಜಿನ್ ಕೋಣೆಯೋ ಗೋಡೆಯಾಚೆ. ಹುಸೇನಸಾಬನಿಗೆ ಸೀಟಿಯೊಂದೇ ಗೊತ್ತು. ಸೀಟಿ ಕೇಳಿಸಿದರೆ ಅವನು ಇಂಜಿನ್ ಚಾಲು ಮಾಡುತ್ತಾನೆ.

ಗುಂಡಿಯ ಮೆಟ್ಟಿಲ ಬಾಯಿಗೆ ಒಂದು ಚಪ್ಪಡಿಕಲ್ಲು. ಒಳಗೆ ಇಳಿಯುವ ಹೆಣ್ಣುಮಗಳು ಸೊಂಟದ ಎಲೆಅಡಿಕೆಯ ಸಂಚಿಯನ್ನು ತೆಗೆದು ಆ ಕಲ್ಲಿನ ಮೇಲೆ ಇಡಬೇಕು. ಹೊರಗೆ ಬಂದ ಮೇಲೆ ತನ್ನ ಸಂಚಿಯನ್ನು ತಾನೇ ತೆಗೆದುಕೊಳ್ಳಬೇಕು, ಬೇರೆ ಯಾರೂ ಮುಟ್ಟಬಾರದು. ಕಲ್ಲಿನ ಮೇಲೆ ಸಂಚಿ ಇದೆ ಎಂದರೆ ಒಳಗೆ ಜೀವ ಇದೆ. ಇದು ಮುಕಾದಮರು ಮಾಡಿದ ಕಾಯಿದೆ. ನೂರು ಮಾತು ಹೇಳಿದರೂ ನೆನಪಿಡದವರು ಎಲೆಅಡಿಕೆ ಮಾತ್ರ ಮರೆಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಸಂಚಿ ಇಲ್ಲದೆ ನಮ್ಮ ಕಡೆಯ ಹೆಣ್ಣುಮಕ್ಕಳು ಹತ್ತು ಹೆಜ್ಜೆ ಇಡುವುದಿಲ್ಲ.

ಅಷ್ಟಕ್ಕೇ ಅವರು ನಂಬುತ್ತಿರಲಿಲ್ಲ. ಕಲ್ಲು ಬರಿದಾದ ಮೇಲೆ ತಾವೇ ರುಮಾಲು ಬಿಚ್ಚಿ ಅದರ ಮೇಲಿಟ್ಟು, ಈ ತುದಿಯಲ್ಲಿ ಇಳಿದು ಆ ತುದಿಯಲ್ಲಿ ಏರಿ, ಸುತ್ತಿ ಬಂದು ರುಮಾಲು ಸುತ್ತಿಕೊಂಡು, ಎರಡೂ ಅಂಗೈ ಎತ್ತಿ, ಆಮೇಲೆ ಸೀಟಿ ಊದುತ್ತಿದ್ದರು. ದಿನಾಲೂ, ಒಂದು ದಿನ ತಪ್ಪದೆ. ಒಮ್ಮೆ ಸಾಹುಕಾರರು ಅದೇನು ನೋಡೋಣ ಎಂದು ಗುಂಡಿಗೆ ಇಳಿಯಲು ಹೊರಟರು. ಮುಕಾದಮರು ಅಡ್ಡ ನಿಂತು ಅಂಗೈ ತೋರಿಸಿದರು. ಸಾಹುಕಾರರು ಸಂಚಿ ಇಟ್ಟುಕೊಂಡವರಲ್ಲ. ಕೊನೆಗೆ ತಮ್ಮ ಜರಿಯ ಟೊಪ್ಪಿಗೆಯನ್ನು ಕಲ್ಲಿನ ಮೇಲಿಟ್ಟು, ಬೋಳುತಲೆಯಲ್ಲಿ ಒಳಗೆ ಹೋಗಿ, ಹತ್ತಿ ಮೆತ್ತಿಕೊಂಡು ಹೊರಬಂದರು. ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದೆ. ಮುಕ್ಕುಂದದ ಹುಲಿಗೆಮ್ಮ ಎಲ್ಲರಿಗಿಂತ ಹೆಚ್ಚು ನಕ್ಕಳು. ನಕ್ಕರೆ ನಿಲ್ಲಿಸಲಿಕ್ಕೇ ಬಾರದವಳು ಅವಳು. ಅವಳ ಸಂಚಿಗೆ ಕೆಂಪು ಅಂಚು, ಒಂದು ಮೂಲೆಗೆ ಕವಡೆ.

ಜಿಲ್ಲೆಗೆಲ್ಲ ದೊಡ್ಡ ಅಧಿಕಾರಿಯಾದ ತಾಲೂಕದಾರ ಸಾಹೇಬರು ಗಿರಣಿ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಎರಡು ದಿನ ಸುಣ್ಣ ಬಳಿದದ್ದೇ ಬಳಿದದ್ದು. ನಾನು ಹೊಸ ಬಿಳಿ ಶೇರವಾನಿ ಹೊಲಿಸಿಕೊಂಡೆ. ಸಾಹೇಬರು ಬರುವ ದಿನ ಮಧ್ಯಾಹ್ನ ಸಾಹುಕಾರರು ಮುಕಾದಮರನ್ನು ಗೇಟಿಗೆ ಕರೆಸಿದರು, ಸಾಹೇಬರ ಎದುರಿಗೆ ಹಳಬನೊಬ್ಬ ನಿಲ್ಲಬೇಕೆಂದು. ಸೀಟಿ ಕಾರಕೂನನಿಗೆ ಕೊಡು ಎಂದರು. ಮುಕಾದಮರು ಒಮ್ಮೆ ಗುಂಡಿಯ ಕಡೆ ತಿರುಗಿ ನೋಡಿದರು. ಆಮೇಲೆ ಸೀಟಿಯ ದಾರವನ್ನು ತೆಗೆದು ನನ್ನ ಕೊರಳಿಗೆ ತಾವೇ ಹಾಕಿ, "ಮೊದ್ಲು ಕಲ್ಲು ನೋಡು. ಆಮ್ಯಾಲ ನೀನ ಇಳದು ನೋಡು. ಯಾರ ಅವಸರಾ ಮಾಡಿದ್ರೂ ಅವಸರಾ ಮಾಡಬ್ಯಾಡ" ಎಂದರು. ಹಿತ್ತಾಳೆ ಅವರ ಮೈಯ ಬಿಸಿಯಲ್ಲಿ ಇನ್ನೂ ಬೆಚ್ಚಗಿತ್ತು.

ಗುಂಡಿಗೆ ಇಬ್ಬರು ಇಳಿದಿದ್ದರು. ಒಬ್ಬಳು ಬುಟ್ಟಿ ಹೊತ್ತು ಬಂದು ತನ್ನ ಸಂಚಿ ತೆಗೆದುಕೊಂಡು ಹೋದಳು. ನಾನು ಇಬ್ಬರೂ ಬಂದರೆಂದು ತಿಳಿದೆ. ತಿಳಿದೆ ಎಂದರೆ ಸುಳ್ಳು, ಹಾಗೆ ತಿಳಿಯುವುದು ನನಗೆ ಅನುಕೂಲವಾಗಿತ್ತು. ಕಲ್ಲಿನ ಮೇಲೆ ಇನ್ನೊಂದು ಸಂಚಿ ಉಳಿದಿತ್ತು, ಕಾಚು ಸುಣ್ಣ ಮೆತ್ತಿದ್ದು, ಕೊಳೆಯಾದದ್ದು. ಸಾಹೇಬರು ಕಾಲಿಡುವ ದಾರಿಯಲ್ಲೇ ಆ ಕೊಳಕು ಚೀಲ. ಯಾವಳೋ ಮರೆತು ಹೋಗಿದ್ದಾಳೆ, ಆಮೇಲೆ ಕೊಟ್ಟರಾಯಿತು ಎಂದು ಎತ್ತಿ ಜೇಬಿಗೆ ಹಾಕಿಕೊಂಡೆ. ಗುಂಡಿಯೊಳಗೆ ಇಣುಕಿದೆ, ಇಳಿಯಲಿಲ್ಲ. ಶೇರವಾನಿ ಬಿಳಿ, ಗುಂಡಿಯ ತುಂಬ ಎಣ್ಣೆ. ಅಷ್ಟರಲ್ಲಿ ಮೋಟಾರಿನ ಸದ್ದು ಕೇಳಿಸಿತು. ಸಾಹುಕಾರರು ಗೇಟಿನಿಂದ ಕೈ ಬೀಸಿದರು. ಸಾಹೇಬರು ಒಳಗೆ ಬರುವಾಗ ಯಂತ್ರಗಳು ನಡೆಯುತ್ತಿರಬೇಕು.

ನಾನು ಸೀಟಿ ಊದಿದೆ.

ಗುಂಡಿಗೆ ಇಳಿದು ಏರಲು ಎಷ್ಟು ಹೊತ್ತು ಬೇಕು ಎಂದು ಮುಕಾದಮರ ಕಾಲುಗಳಿಗೆ ಗೊತ್ತಿತ್ತು. ಅಷ್ಟು ಹೊತ್ತು ಆಗುವ ಮೊದಲೇ ಸೀಟಿ ಕೇಳಿಸಿತೆಂದರೆ ಯಾರೂ ಇಳಿದು ನೋಡಿಲ್ಲ. ಅವರು ಸಾಹೇಬರ ಕೊರಳಿಗೆ ಹಾಕಲು ಹಿಡಿದಿದ್ದ ಹಾರವನ್ನು ಅವರೆದುರಿಗೇ ಕೆಳಗೆ ಹಾಕಿ ಓಡಿ ಬಂದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ದಂಡ ತಿರುಗಲು ಶುರುವಾಗಿತ್ತು, ಕೆಳಗಿನಿಂದ ಒಂದು ಕೂಗು ಬಂದು ನಡುವೆಯೇ ನಿಂತಿತು. ಮುಕಾದಮರು ಗೋಡೆಗೆ ಹೊಡೆದು ಇಂಜಿನ್ ನಿಲ್ಲಿಸಲು ಕೂಗಿ ಹೇಳಿ, ಮರದ ಹಲಗೆಯನ್ನು ಹಿಡಿದು ಗುಂಡಿಗೆ ಧುಮುಕಿ ಪಟ್ಟಾ ತಪ್ಪಿಸಿದರು. ಹುಲಿಗೆಮ್ಮನನ್ನು ಎತ್ತಿಕೊಂಡು ಮೇಲೆ ಬಂದಾಗ ಅವಳ ಬಲಗೈಯನ್ನು ತಮ್ಮ ರುಮಾಲಿನಿಂದ ಬಿಗಿದು ಕಟ್ಟಿದ್ದರು. ಯಾರನ್ನೂ ಕೇಳದೆ ತಾಲೂಕದಾರರ ಮೋಟಾರಿನಲ್ಲಿ ಅವಳನ್ನು ಮಲಗಿಸಿ, "ಲಿಂಗಸೂರು ದವಾಖಾನಿಗೆ ನಡಿ" ಎಂದರು. ಚಾಲಕ ಸಾಹೇಬರ ಮುಖ ನೋಡಿದ. ಸಾಹೇಬರು ಮುಕಾದಮರ ಮುಖ ನೋಡಿ ಪಕ್ಕಕ್ಕೆ ಸರಿದರು.

ಮೋಟಾರು ಹತ್ತುವ ಮೊದಲು ಅವರು ತಿರುಗಿ ಕಲ್ಲು ನೋಡಿದರು. ಕಲ್ಲು ಬರಿದಾಗಿತ್ತು. ಆಮೇಲೆ ನನ್ನನ್ನು ನೋಡಿದರು. ಅವರ ಕಣ್ಣು ಹೋದಲ್ಲಿಗೆ ನನ್ನ ಕಣ್ಣೂ ಹೋಯಿತು. ಶೇರವಾನಿಯ ಎಡಜೇಬಿನ ಮೇಲೆ ಒಳಗಿನಿಂದ ಕಾಚಿನ ಕೆಂಪು ಇಳಿದು ಅಂಗೈಯಷ್ಟು ಅಗಲವಾಗಿತ್ತು.

ಹುಲಿಗೆಮ್ಮ ಬದುಕಿದಳು. ಬಲಗೈ ಮೊಣಕೈಯಿಂದ ಕೆಳಗೆ ಹೋಯಿತು.

ಮರುದಿನ ಠಾಣೆಯಲ್ಲಿ ಪೊಲೀಸ್ ಅಮೀನರ ಮುಂದೆ ಸಾಹುಕಾರರು, ತಪ್ಪು ಆ ಹೆಣ್ಣಿನದೇ ಎಂದರು. ಗಿರಣಿಯಲ್ಲಿ ಕಾಯಿದೆ ಇದೆ, ಅವಳು ಸಂಚಿ ಇಡದೆ ಇಳಿದಳು, ಕಲ್ಲು ಬರಿದಾಗಿದ್ದನ್ನು ಎಲ್ಲರೂ ನೋಡಿದ್ದಾರೆ ಎಂದರು. ಹಾಗಾಗಿದ್ದರೆ ಅವಳು ಕೈಯನ್ನೂ ಕಳೆದುಕೊಂಡು, ಸುಳ್ಳಿಯೂ ಆಗಿ, ಮತ್ತೆ ಗಿರಣಿಯ ಕಡೆ ಮುಖ ಹಾಕುವ ಹಾಗಿರುತ್ತಿರಲಿಲ್ಲ. ಅಮೀನರಿಗೆ ಕನ್ನಡ ಬಾರದು. ಹೇಳಿಕೆಗಳನ್ನು ಉರ್ದುವಿನಲ್ಲಿ ಬರೆಯಲು ಕೂತವನು ನಾನು. ನನ್ನ ಬಾಯಿಗೆ ಮಾತು ಬಂದಿತ್ತು ಎಂದು ಹೇಳಿಕೊಳ್ಳಬೇಕೆನಿಸುತ್ತದೆ. ಬಂದಿರಲಿಲ್ಲ.

ಮುಕಾದಮರು ಮುಂದೆ ಬಂದರು. "ಆಕಿ ಸಂಚಿ ಇಟ್ಟಿದ್ಳು. ನಾನ ತಗದೆ. ಸೀಟಿನೂ ನಂದ" ಎಂದರು. ಸಾಹುಕಾರರು ಬಾಯಿ ತೆರೆದರು. ಸೀಟಿ ಊದಿದ್ದು ಯಾರು ಎಂದು ಅವರಿಗೆ ಗೊತ್ತಿತ್ತು. ಆದರೆ ತಾವೇ ಕೈ ಬೀಸಿ ಅವಸರ ಮಾಡಿದ್ದೂ ಗೊತ್ತಿತ್ತು, ತೆರೆದ ಬಾಯಿಯನ್ನು ಮುಚ್ಚಿದರು. ಸೀಟಿ ಕೇಳಿಸಿದಾಗ ಮುಕಾದಮರು ಗೇಟಿನಲ್ಲಿದ್ದರೆಂದು ತಾಲೂಕದಾರರಿಗೂ ಗೊತ್ತಿತ್ತು, ಆದರೆ ಅಂಥವರನ್ನು ಸಾಕ್ಷಿಗೆ ಕರೆಯುವವರು ಯಾರು. ನನ್ನ ಲೇಖನಿ ಕಾಗದದ ಮೇಲೆ ನಿಂತುಬಿಟ್ಟಿತ್ತು. ಮುಕಾದಮರು ನನ್ನ ಕಡೆ ಬಾಗಿ, ಬೇವಿನ ಗಿಡದ ಕೆಳಗೆ ಮಾತಾಡುತ್ತಿದ್ದ ದನಿಯಲ್ಲಿ, "ಬರಕೋ ತಮ್ಮಾ" ಎಂದರು.

ನಾನು ಬರೆದುಕೊಂಡೆ. ಹೆಸರು, ತಂದೆಯ ಹೆಸರು, ಊರು ಮಸ್ಕಿ, ತಪ್ಪೊಪ್ಪಿಗೆ. ಅವರು ಹೆಬ್ಬೆಟ್ಟು ಒತ್ತಿದರು.

ಎಂಟು ದಿನ ಅವರನ್ನು ಠಾಣೆಯಲ್ಲಿ ಇಟ್ಟು ಬಿಟ್ಟರು. ಕೆಲಸ ಹೋಯಿತು. ಅವರು ಮಸ್ಕಿಗೆ ಹೋಗಿ ಸಡಕಿನ ಕೆಲಸಕ್ಕೆ ಜಲ್ಲಿ ಒಡೆಯಲು ಸೇರಿದರು ಎಂದು ಕೇಳಿದೆ. ಸಾಹುಕಾರರು ಸೀಟಿಯನ್ನು ನನಗೇ ಕೊಟ್ಟರು. ನಾಚಿಕೆಯ ಮಾತೆಂದರೆ ನಾನು ಒಳ್ಳೆಯ ಮುಕಾದಮನಾದೆ. ಅವರು ಮಾಡಿದ್ದನ್ನೆಲ್ಲ ಮಾಡಿದೆ. ದನಿ ಎತ್ತಲಿಲ್ಲ, ಗಿಡದ ಕೆಳಗೆ ಕರೆದು ಬೈದೆ, ದಿನಾಲೂ ರುಮಾಲು ಕಲ್ಲಿನ ಮೇಲಿಟ್ಟು ಗುಂಡಿಗೆ ಇಳಿದು ಏರಿದೆ. ಒಳಗೆ ಅರ್ಧ ದಾರಿ ಹೋದಾಗ, ದಂಡದ ಪಕ್ಕದಲ್ಲಿ, ಮೇಲೆ ಯಾರೋ ನನ್ನ ರುಮಾಲನ್ನು ಕಲ್ಲಿನಿಂದ ಎತ್ತಿಕೊಂಡರು ಅನ್ನಿಸುತ್ತಿತ್ತು. ಉಳಿದ ದಾರಿಯನ್ನು ತೆವಳಿದವನ ಹಾಗೆ ಮುಗಿಸುತ್ತಿದ್ದೆ. ಹೆಣ್ಣುಮಕ್ಕಳು ನನಗೆ ಎದುರಾಡಲಿಲ್ಲ. ಆದರೆ ಅವರಲ್ಲಿ ಯಾರೂ ಮತ್ತೆ ಕಲ್ಲಿನ ಮೇಲೆ ಸಂಚಿ ಇಡಲಿಲ್ಲ. ಒಳಗೆ ಇಳಿಯುವವಳು ಸಂಚಿಯನ್ನು ಗೆಳತಿಯ ಕೈಗೆ ಕೊಡುತ್ತಿದ್ದಳು, ಗೆಳತಿ ಕಲ್ಲಿನ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು. ಇವರಿಗೆ ಗೊತ್ತಿದೆ ಎಂದು ನನಗೆ ಆಗಲೇ ತಿಳಿಯಿತು. ಕಾಚಿನ ಕಲೆ ಹೋಗದ ಆ ಶೇರವಾನಿಯನ್ನು ಸುಟ್ಟೆ. ಸಂಚಿಯನ್ನು ಸುಡಲಾಗಲಿಲ್ಲ, ಟ್ರಂಕಿನ ತಳದಲ್ಲಿ ಇಟ್ಟೆ.

ತಿಂಗಳಿಗೊಮ್ಮೆ ಲಿಂಗಸುಗೂರಿಗೆ ತಾಯಿಯನ್ನು ನೋಡಲು ಹೋಗುವಾಗ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತಿತ್ತು. ನಾನು ಊರು ಕಾಣದ ಆಚೆ ಬದಿಯ ಕಿಟಕಿಗೆ ಕೂತು ಗುಡ್ಡದ ಬಂಡೆಗಳನ್ನು ಎಣಿಸುವವನಂತೆ ನೋಡುತ್ತಿದ್ದೆ. ಒಮ್ಮೆ ಮಾತ್ರ ಈಚೆ ಬದಿ ಸಿಕ್ಕಿತು. ಮುಕಾದಮರು ಬಸ್ಸಿನ ಹತ್ತಿರವೇ ನಿಂತಿದ್ದರು. ಮೈಮೇಲೆ ಕಲ್ಲಿನ ಪುಡಿ, ಕೈಯಲ್ಲಿ ಸುತ್ತಿಗೆ. ನನ್ನನ್ನು ಕಂಡು ಒಂದು ಅಂಗೈ ಎತ್ತಿದರು. ತಾಳು, ಇಳಿ ಎಂದು ಅದರ ಅರ್ಥ. ನನ್ನ ಹೊರತು ಆ ಬಸ್ಸಿನಲ್ಲಿ ಯಾರಿಗೂ ಆ ಕೈಯ ಭಾಷೆ ಬಾರದು. ನಾನು ಇಳಿಯಲಿಲ್ಲ. ಮುಂದಿನ ಸಲ ಇಳಿಯುತ್ತೇನೆ ಎಂದುಕೊಂಡೆ. ಬಸ್ಸು ಹೊರಟ ಮೇಲೂ ಆ ಅಂಗೈ ಎಷ್ಟೋ ದೂರದವರೆಗೆ ಕೆಳಗೆ ಇಳಿದಿರಲಿಲ್ಲ.

ಸಾವಿನ ಸುದ್ದಿ ಬಂದ ಮರುದಿನ ಟ್ರಂಕು ತೆರೆದು ಸಂಚಿಯನ್ನು ತೆಗೆದುಕೊಂಡು ಮಸ್ಕಿಯಲ್ಲಿ ಇಳಿದೆ.

ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಮಣ್ಣಿನ ಮಾಳಿಗೆಯ ಸಣ್ಣ ಮನೆ. ಬಾಗಿಲ ಪಕ್ಕ ಕೂರಲು ಹಾಕಿದ ಒಂದು ಚಪ್ಪಡಿಕಲ್ಲು. ಅವರ ಹೆಂಡತಿ ನನಗೆ ನೀರು ಕೊಟ್ಟರು, ಯಾರು ಎಂದು ಕೇಳಲಿಲ್ಲ. ಸಿಂಧನೂರಿನಿಂದ ಬಂದೆ ಎಂದಾಗ ತಲೆಯಾಡಿಸಿ ಒಳಗೆ ಹೋದರು. ಕಲ್ಲಿನ ಒಂದು ತುದಿಯಲ್ಲಿ ಹುಲಿಗೆಮ್ಮ ಕೂತಿದ್ದಳು. ಮುಕ್ಕುಂದದಿಂದ ಅಣ್ಣನ ಬಂಡಿಯಲ್ಲಿ ಬಂದಿದ್ದಳಂತೆ. ಎಡಗೈಯಿಂದ ಎಲೆಯನ್ನು ಮೊಣಕಾಲ ಮೇಲೆ ಹರವಿ, ಅದೇ ಕೈಯ ಬೆರಳಿನಿಂದ ಸುಣ್ಣ ಸವರುತ್ತಿದ್ದಳು. ಆ ಕೆಲಸ ಅವಳಿಗೆ ಚೆನ್ನಾಗಿ ಅಭ್ಯಾಸವಾಗಿತ್ತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಕೆಂಪು ಅಂಚಿನ ಸಂಚಿಯನ್ನು ತೆಗೆದು ನಮ್ಮ ನಡುವೆ ಕಲ್ಲಿನ ಮೇಲೆ ಇಟ್ಟೆ.

"ಅವತ್ತ ಇದನ್ನ ತಗದಾವ ನಾನು ಹುಲಿಗೆಮ್ಮ. ಅವ್ರಲ್ಲ."

ಅವಳು ಕವಡೆಯನ್ನು ನೋಡಿದಳು. "ಗೊತ್ತೈತ್ರಿ" ಎಂದಳು. "ಜೊತಿಗಿದ್ದಾಕಿ ನಿಮ್ಮ ಜೇಬಿನ ಮ್ಯಾಲಿನ ಕಾಚಿನ ಕಲಿ ನೋಡ್ಯಾಳ. ಠಾಣ್ಯಾಗಿಂದ ಬಿಟ್ಟ ಮ್ಯಾಲ ದವಾಖಾನಿಗೆ ಬಂದಾಗ ನಾನೂ ಅವ್ರನ್ನ ಕೇಳಿದೆ, ಯಾಕ ಹಂಗ ಹೇಳಿದ್ರಿ ಯಪ್ಪಾ ಅಂತ. ಸೀಟಿ ಅವನ ಕೊರಳಿಗೆ ಹಾಕಿದಾವ ನಾ, ಅಂದ್ರು. ನೀವ್ಯಾರೂ ಅವಂಗ ಏನೂ ಅನಬ್ಯಾಡ್ರಿ, ತಾನಽ ಬಂದು ಹೇಳ್ತಾನ, ಅಂದ್ರು."

ಬಾಗಿಲ ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಬಸ್ಸು ಬರೂ ಹೊತ್ತಿಗೆ ಜಲ್ಲಿ ಒಡಿಯೂದು ಬಿಟ್ಟು ಹೋಗಿ ನಿಂದರತಿದ್ರು. ನಾಕು ವರ್ಷ."

ನನಗೆ ಅಳು ಬಂತು. ಅವರೆದುರಿಗೇ ಅತ್ತೆ. ಹುಲಿಗೆಮ್ಮ ಅಳಲಿಲ್ಲ, ನನ್ನನ್ನು ಸಂತೈಸಲೂ ಇಲ್ಲ. ನಾನು ಸುಮ್ಮನಾಗುವವರೆಗೆ ಎಲೆ ಜಗಿಯುತ್ತ ಕೂತಳು. ಆಮೇಲೆ ನಾನು ಸಂಚಿಯನ್ನು ಅವಳ ಕಡೆ ಸರಿಸಿ, ನಿನ್ನದು ತೆಗೆದುಕೋ ಎಂದೆ.

ಅವಳು ಎಡಗೈಯಿಂದ ಅದನ್ನು ಮತ್ತೆ ಕಲ್ಲಿನ ನಡುವಿಗೆ ಸರಿಸಿದಳು.

"ಇಲ್ಲೇ ಇರ್ಲಿ ಬಿಡ್ರಿ. ನಾ ಅವತ್ತಽ ಹೊರಗ ಬಂದೀನಿ, ಯಪ್ಪ ನನ್ನ ಎತ್ಕೊಂಡು ಬಂದ. ಒಳಗ ಉಳದಾವ್ರು ನೀವು."

ಸಿಂಧನೂರಿನ ಬಸ್ಸು ಹೊಗೆ ಬಿಡುತ್ತ ಬಂದು ನಿಂತಿತು. ನಾನು ಎದ್ದೆ. ಅವರು ಬಂದು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಯಾರೂ ಇರಲಿಲ್ಲ. ಬಸ್ಸು ಹತ್ತಿ ಈಚೆ ಬದಿಯ ಕಿಟಕಿಗೆ ಕೂತು ಮನೆಯ ಕಡೆ ನೋಡಿದೆ. ಹುಲಿಗೆಮ್ಮ ಎದ್ದು ಒಳಗೆ ಹೋಗಿದ್ದಳು. ಸಂಚಿ ಕಲ್ಲಿನ ಮೇಲೆಯೇ ಇತ್ತು.